ಕಾರಣದ ಕಾಲಂ

ಮಡಗಾಂವ್ ಕಾಲೇಜಿನ ಮೂರನೇ ಕಿಟಕಿಯಿಂದ
ಫರ್ನಾಂಡಿಸ್ ಬಾಯಿ ಒಂದು ಹಾಳೆ ತಳ್ಳಿದರು.
ಹೆಸರು: ನೀಲಮ್ಮ ಯಮನೂರಪ್ಪ ಬಂಡಿವಡ್ಡರ.
ತರಗತಿ: ಬಿ.ಕಾಂ., ಎರಡನೇ ವರ್ಷ.
ಬಾಕಿ: ಲೈಬ್ರರಿಯದು, ಹದಿನೆಂಟು ರೂಪಾಯಿ.
ಬಿಡುತ್ತಿರುವ ಕಾರಣ:
ಅಲ್ಲಿ ಎರಡು ಬೆರಳಗಲ ಜಾಗ.

ಎರಡು ಬೆರಳಲ್ಲಿ ಏನು ಹಿಡಿಸೀತು?
ಕಾಸ್ಟಿಂಗ್ ಪಾಠದ ಹೊತ್ತು, ಮಧ್ಯಾಹ್ನ ಎರಡೂಕಾಲಿಗೆ,
ಎಡಗಿಟಕಿಯ ಬಿಸಿಲು
ಮೊದಲು ಬೆಂಚಿನಲ್ಲಿ ಯಾರೋ ಕೆತ್ತಿದ ಹೆಸರನ್ನು,
ಆಮೇಲೆ ನಾಜನೀನಳ ಕಿವಿಯ ಹಿಂದಿನ ಎಳೆಗೂದಲನ್ನು,
ಕೊನೆಗೆ ಯಾರೂ ಕೂರದ ಜಾಗವನ್ನು
ಮುಟ್ಟಿ ಹೋಗುತ್ತಿತ್ತು.
ದಿನಕ್ಕೆಷ್ಟು ಸರಿಯಿತೆಂದು ಬರೆದಿಟ್ಟಿದ್ದೇನೆ
ಅಕ್ಟೋಬರಿನಿಂದ ಜನವರಿ ತನಕ, ಲೆಡ್ಜರಿನ ಅಂಚಿನಲ್ಲಿ.
ಸ್ಥಿರ ವೆಚ್ಚ ಯಾವುದು, ಚರ ವೆಚ್ಚ ಯಾವುದು
ಇವತ್ತಿಗೂ ಹೇಳಲಾರೆ.

ಕ್ಯಾಮೆರಾ ಸಿಕ್ಕಿದ್ದು ಮಾಪುಸಾದ ಶುಕ್ರವಾರದ ಸಂತೆಯಲ್ಲಿ,
ಒಣಮೀನಿಗೂ ಚೌರಿಸ್ ಮಾಲೆಗೂ ನಡುವೆ
ಹಳೇ ಗಡಿಯಾರ ಹರವಿಕೊಂಡು ಕೂತವನ ಹತ್ತಿರ.
ಲೆನ್ಸಿನೊಳಗೆ ಬೂಸಲು, ಸಾಸಿವೆಯಷ್ಟು.
ನಾನು ತೆಗೆದದ್ದೆಲ್ಲದರ ಎಡಮೂಲೆಯಲ್ಲಿ ಅದರ ಮಸುಕು:
ಬೈನಾದ ದಂಡೆ, ಮದುಮಗಳು, ಕೇಕು, ಪಾದ್ರಿ.
ಈತನಕ ಯಾರೂ ಕೇಳಿಲ್ಲ.

ಮೆನಿನೊ ಸ್ಟುಡಿಯೋದ ಪರವಾಗಿ ಮೊದಲ ಕೆಲಸ
ವೆಲ್ಸಾಂವ್‌ನಲ್ಲಿ. ಸಾವಿನ ಮನೆ.
ಕುವೈತಿನ ಮಗನಿಗೆ ರಜೆ ಸಿಗಲಿಲ್ಲ, ಅದಕ್ಕೇ ಫೋಟೊ.
ಪೆಟ್ಟಿಗೆಯ ಸುತ್ತ ಎತ್ತರದ ಪ್ರಕಾರ ನಿಂತರು.
ನಗಬೇಡಿ ಅನ್ನಬೇಕಾಗಲಿಲ್ಲ, ಒಬ್ಬ ಚಿಕ್ಕ ಹುಡುಗನಿಗೆ ಬಿಟ್ಟು.
ಮುದುಕಿ ಕೈ ಅಡ್ಡ ಹಿಡಿದಳು,
ಉಗುಳು ಹಚ್ಚಿದ ಬೆರಳಲ್ಲಿ
ಗಂಡನ ಹುಬ್ಬು ತೀಡಿದಳು,
ಆಮೇಲೆ, ಈಗ ತೆಗಿ ಎಂಬಂತೆ,
ನನ್ನ ಕಡೆ ಗದ್ದ ಎತ್ತಿದಳು.

ಆ ಗದ್ದ ಎತ್ತಿದ್ದು ಫೋಟೊದಲ್ಲಿಲ್ಲ.
ತಡವಾಗಿ ಒತ್ತಿದೆ.
ಮೂರು ತಿಂಗಳಿಂದ ಅದನ್ನೇ ಹುಡುಕುತ್ತಿದ್ದೇನೆ
ಬಸ್ಸಿನಲ್ಲಿ, ಮೀನಿನ ಕಟ್ಟೆಯಲ್ಲಿ, ಎಲ್ಲ ಮುದುಕಿಯರ ಮುಖದಲ್ಲಿ.

ಆರುನೂರು ಕೊಟ್ಟರು. ಅವ್ವನ ಕೈಗಿಟ್ಟೆ.
“ಯಾರ ಮನೀದು?”
ಹೇಳಿದೆ.
ಜಗಲಿಯ ದೇವರ ಮುಂದಿಡದೆ
ಅಕ್ಕಿ ಡಬ್ಬಿಗೆ ಹಾಕಿದಳು.
“ಹೊಟ್ಟಿಗೆಲ್ಲಿ ಮೈಲಿಗಿ” ಅಂದಳು, ಡಬ್ಬಿಗೇ ಹೇಳಿದಂತೆ.

ಅಪ್ಪ ಬೈಯಲಿಲ್ಲ.
ಬಂದರಿನ ಕಲ್ಲಿದ್ದಲ ಪುಡಿಯನ್ನು ಕಿವಿಯಿಂದ ತೆಗೆಯುತ್ತ
ಟವೆಲಿನ ತುದಿ ಕರ್ರಗಾಗುವುದನ್ನೇ ನೋಡುತ್ತಿದ್ದು
ಬಹಳ ಹೊತ್ತಿನ ಮೇಲೆ
“ಪಿಂಚಣಿ ಐತೇನವಾ ಅದಕ್ಕ?” ಅಂದ.
ನಿನಗೈತೇನು ಅಂತ ನಾನು ಕೇಳಲಿಲ್ಲ.
ಇಪ್ಪತ್ತೊಂದು ವರ್ಷ, ಇನ್ನೂ ಗುತ್ತಿಗೆ.
ಮನೆಯಲ್ಲಿ ಅವನದು ಒಂದೇ ಫೋಟೊ, ಗೇಟ್ ಪಾಸಿನದು,
ಅರ್ಧ ಮುಖ ಸೀಲು ತಿಂದಿದೆ.

“ಲಗ್ನವಾ?”
ಫರ್ನಾಂಡಿಸ್ ಬಾಯಿ ಪೆನ್ನು ಹಿಡಿದು ಕಾದರು.
ಹುಡುಗಿಯರ ಹಾಳೆಯಲ್ಲಿ ಅದನ್ನೇ ಬರೆಯುವುದಂತೆ,
ಹುಡುಗರದಾದರೆ ಹಡಗು.
“ಹೌದು ಮೇಡಂ, ಈ ತಿಂಗಳು ನಾಲ್ಕು.
ಒಂದು ಬಾಪ್ತಿಸ್ಮ. ಸಾವು ಮೊದಲೇ ಗೊತ್ತಾಗೋದಿಲ್ಲ.”
ಕನ್ನಡಕ ಮೇಲೇರಿಸಿದರು. ನಕ್ಕರೋ ಇಲ್ಲವೋ,
ಗಾಜಿನ ಮೇಲೆ ಟ್ಯೂಬ್‌ಲೈಟು ಇತ್ತು.
‘ವೈಯಕ್ತಿಕ’ ಎಂದು ಅವರೇ ತುಂಬಿದರು.

“ಪಾಸ್‌ಪೋರ್ಟ್ ಸೈಜ್, ಎರಡು.”
ಚೀಲ ತಡಕಿದೆ.
ಊರಿನವರೆಲ್ಲ ಇದ್ದರು, ಎಂಟೆಂಟರ ಹಾಳೆಗಳಲ್ಲಿ
ಇನ್ನೂ ಕತ್ತರಿಸದೆ: ಬ್ಯಾಂಕ್ ಪರೀಕ್ಷೆಯವಳು,
ಹಜ್‌ಗೆ ಹೊರಟ ಮುದುಕ, ಹಡಗಿಗೆ ಹೊರಟ ಮೂವರು.
ನಾನಿರಲಿಲ್ಲ.

ನಾಳೆ ತಾ ಅಂದರು.
ಹೊರಬಂದಾಗ ಎರಡೂಕಾಲು.
ಒಳಗೆ ಬಿಸಿಲು ಆ ಹೆಸರಿನ ಮೇಲೆ ಬಂದಿರಬೇಕು.
ವಾಸ್ಕೋ ಬಸ್ಸು ಹೊರಡುವುದರಲ್ಲಿತ್ತು, ಓಡಿದೆ.
ಅಪ್ಪನ ಪಾಳಿ ಆರಕ್ಕೆ ಮುಗಿಯುತ್ತದೆ.
ನಲ್ಲಿಯ ಹತ್ತಿರ ಹೋಗುವ ಮೊದಲೇ ಹಿಡಿಯಬೇಕು,
ಮುಖ ತೊಳ್ಕೋಬ್ಯಾಡ, ಒಂದ್ ನಿಮಿಷ ನಿಲ್ಲು,
ಅಂತ ಹೇಳಬೇಕು.